ಮುಂದೆ ನಡೆದವಳು

1942ನೇ ಇಸವಿ. ಮೆಡಿಟರೇನಿಯನ್ ದಡದಲ್ಲಿ, ಸಿಸೇರಿಯಾ ಎಂಬ ಹಳೆಯ ರೋಮನ್ ಪಟ್ಟಣದ ಅವಶೇಷಗಳ ಪಕ್ಕ, ಒಂದಷ್ಟು ಡೇರೆಗಳು, ಒಂದಷ್ಟು ಮರದ ಶೆಡ್ಡುಗಳು. ಸುತ್ತ ಎತ್ತ ನೋಡಿದರೂ ಮರಳು. ಅಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಕಾಲುಚೀಲ ಉಜ್ಜುತ್ತಿದ್ದಾಳೆ. ತನ್ನದಲ್ಲ, ಊರಿನವರದೆಲ್ಲ. ಬುಡಾಪೆಸ್ಟಿನ ಅನುಕೂಲಸ್ಥರ ಮನೆಯಲ್ಲಿ ಬೆಳೆದವಳು, ಮನೆಗೆಲಸಕ್ಕೆ ಆಳು ಇದ್ದ ಕಾಲವನ್ನು ಕಂಡವಳು. ಈಗ ರಾಶಿ ರಾಶಿ ಕಾಲುಚೀಲ ಒಗೆದು ಮುಗಿಸಿ, ರಾತ್ರಿ ನೋಟುಬುಕ್ಕು ತೆರೆದು ಗೊಣಗುತ್ತಾಳೆ. ಇದಕ್ಕೇ ಬಂದೆನೇ, ನನ್ನ ಕೈಲಾಗುವುದು ಇಷ್ಟೇನೇ ಎಂಬ ಧಾಟಿಯಲ್ಲಿ. ಮರುದಿನ ಎದ್ದು ಮತ್ತೆ ಒಗೆಯಲು ಹೋಗುತ್ತಾಳೆ.

ಈ ಹುಡುಗಿಯ ಹೆಸರು ಹನ್ನಾ ಸೆನೆಶ್. ಇಂಗ್ಲಿಷ್ ಕಾಗುಣಿತ ನೋಡಿ 'ಸ್ಜೆನೆಸ್' ಎಂದು ಓದುವವರಿದ್ದಾರೆ. ಹಂಗೇರಿಯನ್ನರ ಲಿಪಿಯಲ್ಲಿ ನಮ್ಮ 'ಸ' ಬೇಕಾದರೆ ಎರಡಕ್ಷರ, 'ಶ' ಬೇಕಾದರೆ ಒಂದೇ ಅಕ್ಷರ, ಎಲ್ಲ ತಿರುವುಮುರುವು. ಕನ್ನಡದಲ್ಲಿ ಆ ಕಷ್ಟವಿಲ್ಲ, ಕೇಳಿದಂತೆ ಬರೆದರಾಯಿತು. ಇಸ್ರೇಲಿನಲ್ಲಿ ಇವಳ ಹೆಸರಿನ ಬೀದಿಗಳಿವೆ, ಶಾಲೆಗಳಿವೆ, ಇವಳ ಹಾಡು ಬಾಯಿಪಾಠವಿಲ್ಲದ ಮಕ್ಕಳು ಕಡಿಮೆ. ಅಷ್ಟು ದೊಡ್ಡ ಹೆಸರಿನ ಹಿಂದೆ ನಿಂತವಳು ಇಪ್ಪತ್ತಮೂರಕ್ಕೆ ಗುಂಡೇಟಿಗೆ ಸತ್ತ, ಅದಕ್ಕೆ ಎರಡು ವರ್ಷ ಮೊದಲು ಕಾಲುಚೀಲ ಒಗೆಯುತ್ತ ಬೇಸರಪಟ್ಟುಕೊಂಡಿದ್ದ ಒಬ್ಬ ಒಂಟಿ ಹುಡುಗಿ. ನನಗೆ ಬೀದಿಯ ಹೆಸರಿಗಿಂತ ಆ ಬೇಸರವೇ ಹೆಚ್ಚು ಹತ್ತಿರದ್ದು ಎನಿಸುತ್ತದೆ.

ಹೀಬ್ರೂ ಭಾಷೆಯಲ್ಲಿ ಇಂಥವರಿಗೆ 'ಹಲುತ್ಸ್' ಎನ್ನುತ್ತಾರೆ, ಹೆಣ್ಣಾದರೆ 'ಹಲುತ್ಸಾ'. ಯೂರೋಪು ಬಿಟ್ಟು ಪ್ಯಾಲೆಸ್ಟೈನಿಗೆ ಬಂದು, ಜವುಗು ಬಸಿದು, ಕಲ್ಲು ಆಯ್ದು, ಹೊಲ ಮಾಡಿದ ಯಹೂದಿ ತರುಣ ತರುಣಿಯರ ಹೆಸರದು. ಮೊದಲು ಹೋಗಿ ದಾರಿ ಮಾಡುವವರು ಎಂದು ಅರ್ಥ ಹೇಳಬಹುದು. ಆದರೆ ಈ ಪದ ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿದ್ದಲ್ಲ. ಹೀಬ್ರೂ ಬೈಬಲಿನಲ್ಲಿ ಜೋರ್ಡಾನ್ ನದಿ ದಾಟುವಾಗ ಉಳಿದ ಜನರಿಗಿಂತ ಮುಂದೆ ಆಯುಧ ಹಿಡಿದು ನಡೆದ ಪಡೆಗೆ ಈ ಮಾತು ಬಳಕೆಯಾಗಿದೆ. ಅಂದರೆ ಗುದ್ದಲಿ ಹಿಡಿದವನನ್ನು ಕರೆಯಲು ಆರಿಸಿಕೊಂಡ ಪದದ ಒಳಗೇ ಕತ್ತಿ ಹಿಡಿದವನು ಕೂತಿದ್ದ. ಹನ್ನಾ ಬಟ್ಟೆ ಒಗೆಯುವ ಕೋಣೆಯಿಂದ ವಿಮಾನದ ಬಾಗಿಲಿಗೆ ಹೋದದ್ದನ್ನು ಹೇಳುವಾಗ ನನಗೆ ಈ ಪದ ಮತ್ತೆ ಮತ್ತೆ ನೆನಪಾಗುತ್ತದೆ.

ಹುಟ್ಟಿದ್ದು 1921ರ ಜುಲೈ 17ರಂದು, ಬುಡಾಪೆಸ್ಟಿನಲ್ಲಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅನಿಕೊ. ತಂದೆ ಬೇಲಾ ಸೆನೆಶ್ ಹೆಸರುವಾಸಿ ನಾಟಕಕಾರ, ಪತ್ರಕರ್ತ. ಅವಳಿಗೆ ಆರು ತುಂಬುವ ಮೊದಲೇ ಎದೆನೋವಿನಿಂದ ತೀರಿಕೊಂಡರು. ತಾಯಿ ಕಾತಲಿನ್, ಒಂದು ವರ್ಷಕ್ಕೆ ಹಿರಿಯ ಅಣ್ಣ ಗ್ಯೋರ್ಗಿ. ಯಹೂದಿಗಳೆಂಬುದು ಈ ಮನೆಯಲ್ಲಿ ದಿನಾ ನೆನಪಾಗುವ ಸಂಗತಿಯಾಗಿರಲಿಲ್ಲ. ಹಂಗೇರಿಯನ್ ಭಾಷೆ, ಹಂಗೇರಿಯನ್ ನಾಟಕ, ಹಂಗೇರಿಯನ್ ಊಟ. ನೆನಪು ಮಾಡಿಕೊಟ್ಟಿದ್ದು ಶಾಲೆ. ಪ್ರೊಟೆಸ್ಟೆಂಟರ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ಯಾಥೊಲಿಕರಿಗೆ ಎರಡು ಪಟ್ಟು ಫೀಸು, ಯಹೂದಿಗಳಿಗೆ ಮೂರು ಪಟ್ಟು. ಚೆನ್ನಾಗಿ ಓದುತ್ತಿದ್ದಳೆಂದು ಇವಳಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿತು. ಶಾಲೆಯ ಸಾಹಿತ್ಯ ಸಂಘದ ಹುದ್ದೆಯೊಂದಕ್ಕೆ ಗೆಳತಿಯರು ಇವಳನ್ನು ಆರಿಸಿದರು. ಆಮೇಲೆ ಯಹೂದಿ ಹುಡುಗಿ ಆ ಜಾಗದಲ್ಲಿ ಕೂರುವಂತಿಲ್ಲ ಎಂದು ಮತ್ತೆ ಚುನಾವಣೆ ನಡೆಸಿ ಬೇರೆಯವಳನ್ನು ಕೂರಿಸಿದರು. ಮರುವರ್ಷವೇ, 1938ರಲ್ಲಿ, ವಕೀಲಿ, ವೈದ್ಯಕೀಯ, ಪತ್ರಿಕೆಯಂಥ ವೃತ್ತಿಗಳಲ್ಲಿ ಯಹೂದಿಗಳು ಶೇ 20ಕ್ಕಿಂತ ಹೆಚ್ಚಿರಬಾರದು ಎಂದು ಸರ್ಕಾರವೇ ಕಾನೂನು ಮಾಡಿತು. ಶಾಲೆಯ ಸಂಘದಲ್ಲಿ ನಡೆದದ್ದು ದೇಶದ ಗೆಜೆಟ್ಟಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ಹದಿಮೂರನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದಳು. 1938ರ ಅಕ್ಟೋಬರಿನಲ್ಲಿ ಅದರಲ್ಲಿ ತಾನು ಜಿಯೋನಿಸ್ಟ್, ಅಂದರೆ ಯಹೂದಿಗಳಿಗೆ ಸ್ವಂತ ನಾಡು ಬೇಕೆನ್ನುವವಳು, ಆದೆ ಎಂದು ದಾಖಲಿಸುತ್ತಾಳೆ. ಹೀಬ್ರೂ ಕಲಿಯಲು ಶುರುಮಾಡುತ್ತಾಳೆ. ಓದಿನಲ್ಲಿ ಮುಂದಿದ್ದ ಹುಡುಗಿ ವಿಶ್ವವಿದ್ಯಾಲಯ ಬಿಟ್ಟು ಕೃಷಿ ಶಾಲೆಗೆ ಅರ್ಜಿ ಹಾಕಿದಾಗ ಮೇಷ್ಟ್ರುಗಳಿಗೂ ತಾಯಿಗೂ ಸಂಕಟ. ಪ್ಯಾಲೆಸ್ಟೈನಿನಲ್ಲಿ ಓದಿದವರು ಆಗಲೇ ಬೇಕಾದಷ್ಟು ಜನರಿದ್ದಾರೆ, ಕೊರತೆ ಇರುವುದು ದುಡಿಯುವ ಕೈಗಳದ್ದು ಎಂಬುದು ಅವಳ ವಾದ. ಹದಿನೆಂಟರ ವಾದಕ್ಕೆ ಯಾವ ತಾಯಿ ತಾನೇ ಉತ್ತರ ಕೊಟ್ಟಾಳು!

ಹೊರಡುವುದು ಅಷ್ಟು ಸುಲಭವೂ ಆಗಿರಲಿಲ್ಲ. ಪ್ಯಾಲೆಸ್ಟೈನ್ ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಯಹೂದಿಗಳು ಗುಂಪುಗುಂಪಾಗಿ ಬಂದು ನೆಲೆಸುತ್ತಿದ್ದುದನ್ನು ವಿರೋಧಿಸಿ ಅಲ್ಲಿನ ಅರಬರು 1936ರಿಂದ ಮೂರು ವರ್ಷ ದಂಗೆ ಎದ್ದಿದ್ದರು. ಅದರ ಬೆನ್ನಿಗೆ, 1939ರ ಮೇ ತಿಂಗಳಲ್ಲಿ, ಮುಂದಿನ ಐದು ವರ್ಷಕ್ಕೆ ಒಟ್ಟು 75,000 ಯಹೂದಿಗಳಿಗಷ್ಟೇ ಪ್ರವೇಶ ಎಂದು ಲಂಡನ್ ಮಿತಿ ಹಾಕಿತು. ಹಿಟ್ಲರನ ಕೈಯಿಂದ ತಪ್ಪಿಸಿಕೊಳ್ಳಲು ಲಕ್ಷಗಟ್ಟಲೆ ಜನ ಬಾಗಿಲು ಹುಡುಕುತ್ತಿದ್ದ ವರ್ಷವದು. ಪ್ರವೇಶದ ಚೀಟಿ ಸಿಕ್ಕಿದವರು ಅದೃಷ್ಟವಂತರು. ಹನ್ನಾಗೆ ಕೃಷಿ ಶಾಲೆಯ ಸೀಟೇ ಚೀಟಿಗೆ ದಾರಿಯಾಯಿತು. ಅಣ್ಣ ಓದಲು ಫ್ರಾನ್ಸಿಗೆ ಹೋಗಿದ್ದ. ತಾಯಿ ಬುಡಾಪೆಸ್ಟಿನ ಮನೆಯಲ್ಲಿ ಒಬ್ಬರೇ ಉಳಿದರು.

ಅವಳು ಸೇರಿದ ನಹಲಾಲ್ ಅವಳಷ್ಟೇ ವಯಸ್ಸಿನ ಊರು, ಅದೂ 1921ರದ್ದೇ. ಆಕಾಶದಿಂದ ನೋಡಿದರೆ ಬಂಡಿಯ ಗಾಲಿಯ ಹಾಗೆ ಕಾಣುತ್ತದೆ: ನಡುವೆ ಶಾಲೆ, ಉಗ್ರಾಣ, ಸುತ್ತ ಮನೆಗಳ ಉಂಗುರ, ಪ್ರತಿ ಮನೆಯ ಹಿಂದಿನಿಂದ ಕಿರಣದಂತೆ ಹರಡಿದ ಹೊಲ. ಇದು 'ಮೊಶಾವ್', ಅಂದರೆ ಮನೆ ಮತ್ತು ಹೊಲ ಅವರವರದು, ಕೊಳ್ಳುವುದು ಮಾರುವುದು ಒಟ್ಟಾಗಿ. 'ಕಿಬ್ಬುತ್ಸ್' ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಆಗ ಹೊಲ, ಅಡುಗೆಮನೆ, ಕಡೆಗೆ ಮೈಮೇಲಿನ ಬಟ್ಟೆ ಕೂಡ ಎಲ್ಲರದಾಗಿತ್ತು. ನಹಲಾಲಿನ ಹೆಣ್ಣುಮಕ್ಕಳ ಕೃಷಿ ಶಾಲೆಯನ್ನು ಕಟ್ಟಿದವರು ಹನ್ನಾ ಮೈಸೆಲ್ ಎಂಬ ಹಿರಿಯ ಕೃಷಿತಜ್ಞೆ. ಎರಡು ವರ್ಷದ ಓದು. ಬೆಳಿಗ್ಗೆ ಹಟ್ಟಿ, ಹೊಲ, ಕೋಳಿಗೂಡು, ಸಂಜೆ ಪಾಠ. ನಮ್ಮ ಹುಡುಗಿ ಕೋಳಿ ಸಾಕಣೆಯನ್ನು ಆರಿಸಿಕೊಂಡಳು.

ಇಲ್ಲಿ ನಮ್ಮೂರಿನ ಒಂದು ಎಳೆಯೂ ತಗುಲುತ್ತದೆ. ನಹಲಾಲಿಗೆ ಹತ್ತಿರದ ದೊಡ್ಡ ಪಟ್ಟಣ ಹೈಫಾ. 1918ರ ಸೆಪ್ಟೆಂಬರ್ 23ರಂದು ಆ ಬಂದರನ್ನು ತುರ್ಕರಿಂದ ಗೆದ್ದುಕೊಟ್ಟದ್ದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿಹೋದದ್ದು ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಪಡೆಯ ಸ್ಮಾರಕ ಇವತ್ತಿಗೂ ಇದೆ, ಪಕ್ಕದಲ್ಲೇ ಬಸ್ಸಿಗೆ ಕಾಯುವ ಹೆಚ್ಚಿನವರಿಗೆ ಅದು ಏನೆಂದು ಗೊತ್ತಿಲ್ಲ. ಹನ್ನಾಳ ಪ್ರವೇಶ ಚೀಟಿಗೆ ಮುದ್ರೆ ಒತ್ತಿದ ಆಡಳಿತ ಆ ನೆಲದಲ್ಲಿ ಕಾಲೂರಿದ್ದರ ಹಿಂದೆ ಹೀಗೆ ಮೈಸೂರಿನ ಸವಾರರ ಬೆವರೂ ಇತ್ತು. ಅವಳು ನಹಲಾಲಿನಲ್ಲಿ ಮೊದಲ ಪುಟ ಬರೆದ ದಿನಾಂಕವೂ ಸೆಪ್ಟೆಂಬರ್ 23, ಇಸವಿ 1939. ಕಾಕತಾಳೀಯ, ಅಷ್ಟೇ.

ಆ ದಿನಚರಿಯಲ್ಲಿ ನನ್ನನ್ನು ಹಿಡಿದಿಡುವುದು ಭಾಷೆಯ ಸಂಗತಿ. ಹಂಗೇರಿಯನ್ನಿನಲ್ಲಿ ಕವಿತೆ ಬರೆಯುತ್ತಿದ್ದವಳು, ಅದರಲ್ಲಿ ಪಳಗಿದವಳು, ಹೊಸ ಊರಿಗೆ ಬಂದು ನಿಧಾನವಾಗಿ ಹೀಬ್ರೂವಿಗೆ ಹೊರಳುತ್ತಾಳೆ. ತಪ್ಪುಗಳಾಗುತ್ತವೆ, ಪದ ಸಾಲುವುದಿಲ್ಲ, ಆದರೂ ಬಿಡುವುದಿಲ್ಲ. ದೊಡ್ಡವಳಾದ ಮೇಲೆ ಕಲಿತ ಭಾಷೆಯಲ್ಲಿ ಕವಿತೆ ಬರೆಯುವುದು ಎಂಥ ಸಾಹಸ ಎಂಬುದು, ಮನೆಮಾತು ಒಂದು, ಬರೆಯುವ ಮಾತು ಇನ್ನೊಂದು ಆಗಿರುವ ನಮ್ಮ ಎಷ್ಟೋ ಕನ್ನಡ ಬರಹಗಾರರಿಗೆ ಹೇಳಬೇಕಾಗಿಲ್ಲ. ಅವಳ ಹೀಬ್ರೂ ಕವಿತೆಗಳು ಚಿಕ್ಕವು, ಮಾತು ಸರಳ. ಹೊಸ ಭಾಷೆಯಲ್ಲಿ ಪದಗಳನ್ನು ದುಂದು ಮಾಡುವಷ್ಟು ಶ್ರೀಮಂತಿಕೆ ಇರಲಿಲ್ಲ ಎಂಬುದೂ ಅದಕ್ಕೆ ಕಾರಣವಿರಬಹುದು. ಆ ಬಡತನವೇ ಕವಿತೆಗೆ ಒಳ್ಳೆಯದಾಯಿತು ಎಂದು ನನ್ನ ಅಂದಾಜು.

ಶಾಲೆ ಮುಗಿಸಿ ಅವಳು ಸೇರಿದ್ದು ಸಿಸೇರಿಯಾದ ಪಕ್ಕದ 'ಸ್ದೋತ್ ಯಾಮ್' ಎಂಬ ಹೊಸ ಕಿಬ್ಬುತ್ಸಿಗೆ. ಸಮುದ್ರದ ಹೊಲಗಳು ಎಂದು ಹೆಸರಿನ ಅರ್ಥ. ಮೀನುಗಾರಿಕೆ ನಂಬಿಕೊಂಡ ಬಡ ಗುಂಪು. ಕಲಿತದ್ದು ಕೋಳಿ ಸಾಕಣೆ, ಸಿಕ್ಕಿದ್ದು ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೆಲಸ. ಕಲಾವಿದರೊಬ್ಬರ ಬಯಕೆಗೂ ಸಮುದಾಯದ ಬೇಡಿಕೆಗೂ ನಡುವಿನ ತಿಕ್ಕಾಟವನ್ನೇ ಇಟ್ಟುಕೊಂಡು 'ಪಿಟೀಲು' ಎಂಬ ನಾಟಕವನ್ನೂ ಬರೆದಳು. ಸ್ವಂತ ಕಷ್ಟವನ್ನು ಪಿಟೀಲಿನ ಪಾತ್ರದ ಹೆಗಲಿಗೆ ಹಾಕಿದ್ದು ಯಾರಿಗಾದರೂ ತಿಳಿಯುತ್ತದೆ. ಸಂಜೆ ಒಬ್ಬಳೇ ದಡದ ಗುಂಟ ಸಿಸೇರಿಯಾದ ಕಡೆ ನಡೆದು ಹೋಗುತ್ತಿದ್ದಳು. 1942ರ ನವೆಂಬರಿನಲ್ಲಿ 'ಸಿಸೇರಿಯಾದತ್ತ ನಡಿಗೆ' ಎಂಬ ಬೆರಳೆಣಿಕೆಯ ಸಾಲುಗಳ ಪ್ರಾರ್ಥನೆ ಹುಟ್ಟಿತು. ಮುಂದೆ ಡೇವಿಡ್ ಜೆಹಾವಿ ಅದಕ್ಕೆ ರಾಗ ಹಾಕಿದರು. ಇವತ್ತು ಇಸ್ರೇಲಿನಲ್ಲಿ ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಸ್ಮರಣೆಯ ದಿನ ಹಾಡುವುದು ಅದನ್ನೇ. ಬರೆದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಸಮುದ್ರ, ಮರಳು.

ಆ ದಡ ಖಾಲಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಿಸೇರಿಯಾದ ಅವಶೇಷಗಳ ನಡುವೆಯೇ ಕೈಸಾರಿಯಾ ಎಂಬ ಮುಸ್ಲಿಮರ ಹಳ್ಳಿ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೋಸ್ನಿಯಾದಿಂದ ವಲಸೆ ಬಂದವರು ಕಟ್ಟಿಕೊಂಡ ಊರು. 1948ರ ಫೆಬ್ರುವರಿಯಲ್ಲಿ ಯಹೂದಿ ಪಡೆಗಳು ಆ ಊರನ್ನು ಬರಿದು ಮಾಡಿಸಿ ಮನೆಗಳನ್ನು ಕೆಡವಿದವು. ಹನ್ನಾ ಆಗ ಬದುಕಿರಲಿಲ್ಲ. ಒಬ್ಬರು ಓಡಿಬಂದು ಸೇರಿದ ಜಾಗದಿಂದ ಇನ್ನೊಬ್ಬರು ಓಡಬೇಕಾಯಿತು. ಅವಳ ಹಾಡಿನ ಮರಳಿನಲ್ಲಿ ಆ ಮನೆಗಳ ಅಡಿಪಾಯವೂ ಇದೆ.

1943ರ ಜನವರಿಯಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು: ಹಂಗೇರಿಗೆ ಹಿಂದಿರುಗಬೇಕು, ಅಲ್ಲಿನ ಹುಡುಗರನ್ನು ಕರೆತರಬೇಕು, ಅಮ್ಮನನ್ನೂ. ಹುಚ್ಚೆಂದು ಅವಳಿಗೇ ಅನ್ನಿಸಿತ್ತು. ಕೆಲವೇ ವಾರಗಳಲ್ಲಿ, ಯಹೂದಿಗಳ ಗುಪ್ತ ಪಡೆ ಪಾಲ್ಮಾಖ್‌ನ ಪರಿಚಯದವನೊಬ್ಬ ಬಂದು, ಅಂಥದ್ದೇ ತಂಡವೊಂದು ತಯಾರಾಗುತ್ತಿದೆ ಎಂದ. ಬ್ರಿಟಿಷರಿಗೆ ಶತ್ರು ನೆಲದಲ್ಲಿ ಬೀಳಿಸಲು ಅಲ್ಲಿನ ಭಾಷೆ, ಗಲ್ಲಿ ಬಲ್ಲವರು ಬೇಕಿತ್ತು. ಕೆಳಗುರುಳಿದ ವಿಮಾನಗಳ ಯೋಧರನ್ನು ಪಾರುಮಾಡಬೇಕಿತ್ತು. ಯಹೂದಿ ನಾಯಕರಿಗೆ ತಮ್ಮವರನ್ನು ತಲುಪಬೇಕಿತ್ತು. ಎರಡೂ ಕಡೆಯವರ ಲೆಕ್ಕ ಬೇರೆ, ವಿಮಾನ ಒಂದೇ. ಪ್ಯಾಲೆಸ್ಟೈನಿನ ಸುಮಾರು 30,000 ಯಹೂದಿಗಳು ಆ ಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟರು. ಯೂರೋಪಿನ ಒಳಗೆ ಹೋದ ಈ ತಂಡದವರು ಮಾತ್ರ ಮೂವತ್ತಕ್ಕೆ ಸ್ವಲ್ಪ ಮೇಲೆ. ಬ್ರಿಟಿಷ್ ವಾಯುಪಡೆಯ ಮಹಿಳಾ ದಳದ ಕೆಳಗಿನ ದರ್ಜೆಯಲ್ಲಿ ಹೆಸರು ಬರೆಸಿದ ಹನ್ನಾ ವೈರ್‌ಲೆಸ್ ಕಲಿತಳು, ಪ್ಯಾರಾಚೂಟಿನಿಂದ ಜಿಗಿಯುವುದನ್ನು ಕಲಿತಳು.

ಹೊರಡುವ ಹೊತ್ತಿಗೆ, 1944ರ ಆರಂಭದಲ್ಲಿ, ಐದಾರು ವರ್ಷ ಕಾಣದ ಅಣ್ಣ ಯೂರೋಪಿನಿಂದ ಹೇಗೋ ತಪ್ಪಿಸಿಕೊಂಡು ಬಂದಿಳಿದ. ಒಟ್ಟಿಗೆ ಕಳೆಯಲು ಸಿಕ್ಕಿದ ಸಮಯ ಒಂದು ದಿನದ ಲೆಕ್ಕದ್ದು. ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳುವಂತಿಲ್ಲ. ಅವನು ಬರದೇ ಹೋದರೆ ಇರಲಿ ಎಂದು ಮೊದಲೇ ಬರೆದಿಟ್ಟಿದ್ದ ಕಾಗದ ಆಮೇಲೆ ಅವನ ಕೈ ಸೇರಿತು.

ಮಾರ್ಚ್ ಮಧ್ಯದ ಒಂದು ರಾತ್ರಿ ಹನ್ನಾ ಮತ್ತು ತಂಡದ ಜೊತೆಯವರು ಯುಗೊಸ್ಲಾವಿಯದಲ್ಲಿ, ಕಮ್ಯುನಿಸ್ಟ್ ನಾಯಕ ಟಿಟೊನ ಗೆರಿಲ್ಲಾಗಳ ನೆಲದಲ್ಲಿ ಇಳಿದರು. ಇನ್ನೂ ಬೂಟಿನ ಮಣ್ಣು ಒಣಗಿರಲಿಲ್ಲ, ಮಾರ್ಚ್ 19ರಂದು ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಸುದ್ದಿ ಕೇಳಿ ಹನ್ನಾ ಅತ್ತಳು ಎಂದು ಜೊತೆಗಾರ ರುವೆನ್ ದಾಫ್ನಿ ಹೇಳಿದ್ದಾರೆ. ತಡವಾಗಿತ್ತು. ಮೂರು ತಿಂಗಳು ಕಾಡಿನಲ್ಲಿ ಗೆರಿಲ್ಲಾಗಳ ಜೊತೆ ಅಲೆದರು. ಇತ್ತ ಮೇ 15ರಿಂದ ಹಂಗೇರಿಯ ಹಳ್ಳಿ ಪಟ್ಟಣಗಳಿಂದ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಲು ಶುರುವಾಯಿತು; ಎಂಟು ವಾರಗಳಲ್ಲಿ 4 ಲಕ್ಷ 37 ಸಾವಿರ ಜನ, ಬಹುಪಾಲು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ. ಗಡಿ ದಾಟುವುದು ಆತ್ಮಹತ್ಯೆ ಎಂದು ಜೊತೆಯವರು ಹೇಳಿದರು. ಅವಳು ಹಟ ಹಿಡಿದಳು. ಬೀಳ್ಕೊಡುವಾಗ ದಾಫ್ನಿಯ ಕೈಗೆ ಒಂದು ಚೀಟಿ ತುರುಕಿದಳು. ಬಿಚ್ಚಿ ನೋಡಿದರೆ ಕವಿತೆ! ಈ ಹೊತ್ತಿನಲ್ಲಿ ಕವಿತೆಯೇ ಎಂದು ಸಿಟ್ಟು ಬಂದು ಎಸೆದ ದಾಫ್ನಿ, ಆಮೇಲೆ ಮನಸ್ಸು ತಡೆಯದೆ ಹಿಂದಿರುಗಿ ಹುಡುಕಿ ಎತ್ತಿಕೊಂಡರಂತೆ. ಬೆಂಕಿಕಡ್ಡಿಯ ಬಗೆಗಿನ ನಾಲ್ಕು ಸಾಲಿನ ಆ ಕವಿತೆ ಇಂದು ಅವಳ ಎರಡನೇ ಪ್ರಸಿದ್ಧ ರಚನೆ.

ಜೂನ್ 7ರ ಸುಮಾರಿಗೆ, ಇಂಗ್ಲಿಷರು ಮತ್ತು ಅಮೆರಿಕನ್ನರು ನಾರ್ಮಂಡಿಯ ದಡಕ್ಕೆ ಇಳಿದ ಬೆನ್ನಿಗೇ, ಅವಳು ಗಡಿ ದಾಟಿದಳು. ಜೊತೆಗೆ ಮೂವರು. ಇಬ್ಬರು ಮುಂದೆ ಹಳ್ಳಿಗೆ ಹೋದಾಗ ಪೊಲೀಸರು ತಡೆದರು. ಒಬ್ಬ ಹೆದರಿ ತನ್ನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡ. ಅವರ ಬಳಿ ವೈರ್‌ಲೆಸ್ಸಿನ ಹೆಡ್‌ಫೋನ್ ಸಿಕ್ಕಿತು. ಅದರ ಜಾಡು ಹಿಡಿದು ಹನ್ನಾಳನ್ನೂ, ಬಚ್ಚಿಟ್ಟಿದ್ದ ಯಂತ್ರವನ್ನೂ ಹಿಡಿದರು. ಕಾರ್ಯಾಚರಣೆ ಎಂಬುದು ಅಲ್ಲಿಗೆ ಮುಗಿಯಿತು. ಅವಳು ಒಬ್ಬ ಯಹೂದಿಯನ್ನೂ, ಒಬ್ಬ ವಿಮಾನ ಚಾಲಕನನ್ನೂ ಉಳಿಸಲಿಲ್ಲ, ಒಂದು ಸಂದೇಶವನ್ನೂ ಬುಡಾಪೆಸ್ಟಿನಿಂದ ಕಳಿಸಲಿಲ್ಲ. ಸ್ಮಾರಕದ ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ. ಬಂದರೆ ಅವಳು ಚಿಕ್ಕವಳಾಗುತ್ತಾಳೆಂದು ನನಗೇನೂ ಅನ್ನಿಸುವುದಿಲ್ಲ. ಸೆರೆ ಸಿಕ್ಕವಳ ಹತ್ತಿರ ಉಳಿದಿದ್ದ ಒಂದೇ ಒಂದು ಸ್ವತ್ತು ಆ ವೈರ್‌ಲೆಸ್ಸಿನ ಸಂಕೇತ. ಅಂಗಾಲಿಗೆ ಹೊಡೆದರು, ಮುಂದಿನ ಹಲ್ಲು ಮುರಿದರು. ಕೊಡಲಿಲ್ಲ.

ಜೂನ್ 17ರ ಬೆಳಿಗ್ಗೆ ಕಾತಲಿನ್ ಸೆನೆಶ್ ಅವರನ್ನು ಬುಡಾಪೆಸ್ಟಿನ ಹಾದಿಕ್ ಬ್ಯಾರಕ್ಕಿಗೆ ವಿಚಾರಣೆಗೆ ಕರೆದೊಯ್ದರು. ಮಗಳೆಲ್ಲಿ ಎಂದು ಅಧಿಕಾರಿ ಕೇಳಿದ. ಪ್ಯಾಲೆಸ್ಟೈನಿನ ಕೃಷಿ ವಸಾಹತಿನಲ್ಲಿ ಎಂದರು ತಾಯಿ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಪಕ್ಕದ ಬಾಗಿಲು ತೆರೆಯಿತು. ನಾಲ್ವರು ಗಂಡಸರು ಒಬ್ಬಳನ್ನು ಒಳಗೆ ತಂದರು. ಕೆದರಿದ ಕೂದಲು, ಊದಿದ ಮುಖ, ಬಾಯಲ್ಲಿ ಹಲ್ಲಿಲ್ಲದ ಸಂದು. ಐದು ವರ್ಷದ ಹಿಂದೆ ಹಡಗು ಹತ್ತಲು ಹೊರಟ ಹುಡುಗಿ ಇವಳೇ ಎಂದು ಗುರುತು ಹಿಡಿಯಲು ತಾಯಿಗೆ ಒಂದು ಕ್ಷಣ ಬೇಕಾಯಿತು. ಮಗಳು ಓಡಿಬಂದು ಅಪ್ಪಿಕೊಂಡು ಕ್ಷಮೆ ಕೇಳಿದಳು. ಬಾಯಿ ಬಿಡಿಸು, ಇಲ್ಲವಾದರೆ ಇದೇ ಕಡೆಯ ಭೇಟಿ ಎಂದು ಅಧಿಕಾರಿ ತಾಯಿಗೆ ಹೇಳಿದ. ತಾಯಿ ಏನನ್ನೂ ಕೇಳಲಿಲ್ಲ.

ಅದೇ ದಿನ ತಾಯಿಯನ್ನೂ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬಂಧಿಸಿತು. ಅಮ್ಮ, ಮಗಳು ಒಂದೇ ಸೆರೆಮನೆಯ ಬೇರೆ ಬೇರೆ ಕೋಣೆಗಳಲ್ಲಿ. ಅಂಗಳದ ಆಚೆ ಮಗಳ ಕೋಣೆಯ ಕಿಟಕಿ, ತೀರಾ ಎತ್ತರದಲ್ಲಿ. ಸಿಕ್ಕಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹತ್ತಿ, ಮೊದಲು ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಬರೆದಳು. ಆಮೇಲೆ ಕಾಗದದಲ್ಲಿ ದೊಡ್ಡ ದೊಡ್ಡ ಅಕ್ಷರ ಕತ್ತರಿಸಿ ಒಂದೊಂದಾಗಿ ಕಿಟಕಿಗೆ ಹಿಡಿದಳು. ಒಂದು ಮಾತು ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕಾಗಿರಬೇಕು ಊಹಿಸಿ. ದಿನಾ ವಿಚಾರಣೆಗೆ ಹೊರಗೆ ಹೋಗಿಬರುತ್ತಿದ್ದುದರಿಂದ ಯುದ್ಧದ ಸುದ್ದಿ ಮೊದಲು ಸಿಗುತ್ತಿದ್ದುದು ಇವಳಿಗೆ. ಉಳಿದ ಕೋಣೆಗಳ ಹೆಂಗಸರು ಪತ್ರಿಕೆ ಓದುವಂತೆ ಆ ಕಿಟಕಿ ಓದತೊಡಗಿದರು. ಕಾಗದದ ಗೊಂಬೆಗಳನ್ನೂ ಮಾಡಿ ಅಮ್ಮನಿಗೆ, ಇತರ ಕೈದಿಗಳಿಗೆ ಕಳಿಸುತ್ತಿದ್ದಳು. ನಹಲಾಲ್, ಸ್ದೋತ್ ಯಾಮ್‌ಗಳಲ್ಲಿ ತನ್ನ ಕೈ ಯಾವುದಕ್ಕೆ ಎಂದು ಪೇಚಾಡಿದ್ದವಳು ಇಲ್ಲಿ ಕೇಳಿಕೊಂಡ ಹಾಗೆ ಕಾಣುವುದಿಲ್ಲ.

ಸೆಪ್ಟೆಂಬರಿನ ಹೊತ್ತಿಗೆ ತಾಯಿಗೆ ಬಿಡುಗಡೆಯಾಯಿತು. ಅಕ್ಟೋಬರ್ 15ರಂದು ಹಂಗೇರಿಯ ನಾಜಿಗಳಾದ ಆ್ಯರೋ ಕ್ರಾಸ್ ಪಕ್ಷ ಅಧಿಕಾರ ಹಿಡಿಯಿತು. ಸೋವಿಯತ್ ಸೇನೆ ಹತ್ತಿರ ಬರುತ್ತಿತ್ತು. ಅಕ್ಟೋಬರ್ 28ರಂದು ಸೇನಾ ನ್ಯಾಯಾಲಯದಲ್ಲಿ ಹನ್ನಾಳ ವಿಚಾರಣೆ ನಡೆಯಿತು, ಆರೋಪ ರಾಜದ್ರೋಹ. ಬ್ರಿಟಿಷ್ ಸೈನಿಕಳೆಂದಲ್ಲ, ಹಂಗೇರಿಯ ಪ್ರಜೆಯೆಂದು. ಶಾಲೆಯ ಸಂಘದಲ್ಲಿ ಜಾಗವಿಲ್ಲದವಳಿಗೆ ದ್ರೋಹಿಯಾಗುವಷ್ಟು ಪೌರತ್ವ ಮಾತ್ರ ಉಳಿದಿತ್ತು. ತೀರ್ಪು ಮುಂದಕ್ಕೆ ಹೋಯಿತು. ನವೆಂಬರ್ 7ರಂದು ಸೇನಾ ವಕೀಲನೊಬ್ಬ ಕೋಣೆಗೆ ಬಂದು, ಮರಣದಂಡನೆಯಾಗಿದೆ, ಕ್ಷಮಾದಾನ ಕೇಳುತ್ತೀಯಾ ಎಂದ. ಅವಳು ಕೇಳಲಿಲ್ಲ. ತಾಯಿಗೆ, ಗೆಳೆಯರಿಗೆ ಚೀಟಿ ಬರೆದಳು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಲು ಒಪ್ಪದೆ ನಿಂತಳು. ಅದೇ ಹೊತ್ತಿಗೆ ಮಗಳನ್ನು ನೋಡಲು ಅನುಮತಿ ಕೇಳುತ್ತ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು.

ಯೂರೋಪಿಗೆ ಹೋದ ಆ ಪ್ಯಾರಾಚೂಟಿನ ತಂಡದಲ್ಲಿ ಹನ್ನೆರಡು ಮಂದಿ ಸೆರೆ ಸಿಕ್ಕರು, ಏಳು ಮಂದಿ ಸತ್ತರು. 1950ರಲ್ಲಿ ಅವಳ ಅಸ್ಥಿಯನ್ನು ಬುಡಾಪೆಸ್ಟಿನಿಂದ ತಂದು ಜೆರುಸಲೆಮ್ಮಿನ ಹೆರ್ಜ್ಲ್ ಬೆಟ್ಟದಲ್ಲಿ ಮಣ್ಣು ಮಾಡಿದರು. ನಂತರದ ಕಥೆ ಅಷ್ಟು ಶುಭ್ರವಾದುದಲ್ಲ. ನಾಜಿಗಳ ಜೊತೆ ಮಾತುಕತೆ ನಡೆಸಿ ರೈಲೊಂದರಲ್ಲಿ ಯಹೂದಿಗಳನ್ನು ಪಾರುಮಾಡಿದ ಬುಡಾಪೆಸ್ಟಿನ ರುಡೋಲ್ಫ್ ಕಾಸ್ಟ್‌ನರ್ ಅವರ ಸುತ್ತ 1950ರ ದಶಕದಲ್ಲಿ ಇಸ್ರೇಲಿನಲ್ಲಿ ದೊಡ್ಡ ಮೊಕದ್ದಮೆ ನಡೆದಾಗ ಕಾತಲಿನ್ ಸಾಕ್ಷಿ ನುಡಿದರು: ಮಗಳಿಗಾಗಿ ಎಷ್ಟು ಸಲ ಹೋದರೂ ಆತ ತಮ್ಮನ್ನು ಭೇಟಿಯಾಗಲಿಲ್ಲ ಎಂದು. ದಶಕಗಳ ನಂತರ ಟಿ.ವಿ. ನಾಟಕವೊಂದು ಹನ್ನಾ ಚಿತ್ರಹಿಂಸೆಗೆ ಬಗ್ಗಿ ಜೊತೆಯವರ ಹೆಸರು ಹೇಳಿದಳೆಂಬ ಮಾತನ್ನು ಪಾತ್ರವೊಂದರ ಬಾಯಲ್ಲಿ ಇಟ್ಟಿತು. ಗಿಯೋರಾ ಎಂದು ಹೆಸರು ಬದಲಿಸಿಕೊಂಡಿದ್ದ ಅಣ್ಣ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯ 1999ರಲ್ಲಿ, ಬಹುಮತದಿಂದ, ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ನಿಂತಿತು. ಆ ಆಪಾದನೆ ಸುಳ್ಳು, ಆದರೂ ನಾಟಕಕಾರನ ಬಾಯಿ ಕಟ್ಟುವುದಕ್ಕಾಗದು ಎಂಬುದು ಅದರ ನಿಲುವು. ತೀರ್ಪು ಬರುವ ಹೊತ್ತಿಗೆ ಅರ್ಜಿದಾರ ಅಣ್ಣನೂ ಇರಲಿಲ್ಲ.

ಕಾತಲಿನ್ ಅವರನ್ನೂ 1944ರ ನವೆಂಬರಿನಲ್ಲಿ ಆಸ್ಟ್ರಿಯದ ಕಡೆಗಿನ ಸಾವಿನ ನಡಿಗೆಗೆ ಹೊರಡಿಸಿದ್ದರು. ದಾರಿಯಲ್ಲಿ ತಪ್ಪಿಸಿಕೊಂಡು ಬಂದರು, ಯುದ್ಧ ಮುಗಿದ ಮೇಲೆ ಮಗನಿದ್ದಲ್ಲಿಗೆ ಹೋಗಿ ಸೇರಿದರು. ಮಗಳ ಬಟ್ಟೆಗಳನ್ನು ಸೆರೆಮನೆಯವರು ಹಿಂದಿರುಗಿಸಿದಾಗ ಉಡುಪಿನ ಜೇಬಿನಲ್ಲಿ ಅವಳ ಕೈಬರಹದ ಎರಡು ಕಾಗದಗಳು ಸಿಕ್ಕಿದ್ದವು, ಒಂದು ಕವಿತೆ, ಒಂದು ಅಮ್ಮನಿಗೆ. ಆ ಕಾಗದಗಳೂ, ದಿನಚರಿಗಳೂ 2020ರಿಂದ ಜೆರುಸಲೆಮ್ಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಹನ್ನಾಳ ಮೇಲಿದ್ದ ರಾಜದ್ರೋಹದ ತೀರ್ಪನ್ನು ಹಂಗೇರಿಯ ಸೇನಾ ನ್ಯಾಯಾಲಯ ರದ್ದು ಮಾಡಿತು. ಆ ಆದೇಶದ ಪ್ರತಿ 1993ರ ನವೆಂಬರಿನಲ್ಲಿ ಕುಟುಂಬದ ಕೈ ಸೇರಿತು. ಕಾತಲಿನ್ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು.